ರೊಟ್ಟಿ ತಿನ್ನುವ ಬೆಕ್ಕು

ಬ್ಯಾಡಗಿಯ ಗದಿಗೆವ್ವನಿಗೆ ಎಪ್ಪತ್ತೆರಡು ತುಂಬಿದ್ದರೂ ಹೆಮ್ಮೆಪಡುವ ಚಟ ಮಾತ್ರ ಇಪ್ಪತ್ತರದ್ದೇ. ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಬೀಜದ ಸಪ್ಪಳ ಕೇಳಿಯೇ "ಇದು ಇನ್ನೂ ಎರಡು ಬಿಸಲು ಉಣಬೇಕು" ಎಂದು ಹೇಳಬಲ್ಲವಳು ಊರಲ್ಲಿ ತಾನೊಬ್ಬಳೇ ಎಂಬ ಹೆಮ್ಮೆ. ತಾನು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆಗೆ ನಿಂತವರ ಮುಖ ಕಾಣುತ್ತದೆಂಬ ಹೆಮ್ಮೆ. ತನ್ನ ಮನೆಗೆ ಬಂದ ಯಾವ ಜೀವವೂ ಹಸಿದು ಹೋಗಿಲ್ಲ ಎಂಬುದು ಎಲ್ಲಕ್ಕಿಂತ ದೊಡ್ಡದು. ಮೆಣಸಿನಕಾಯಿ ವ್ಯಾಪಾರ ಮಾಡುವ ಮಗ ಗೋಣೆಪ್ಪ, ಸೊಸೆ ಶ್ರೀದೇವಿ, ಹಾವೇರಿಗೆ ಬಸ್ಸಿನಲ್ಲಿ ಹೋಗಿ ಬಂದು ಬಿ.ಎಸ್ಸಿ. ಓದುವ ಮೊಮ್ಮಗಳು ಸುಚಿತ್ರಾ, ಮೂವರೂ ಈ ಮಾತುಗಳನ್ನು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು. ಊಟದ ಜೊತೆ ಉಪ್ಪಿನಕಾಯಿ ಇದ್ದ ಹಾಗೆ ಅದೂ ಇರುತ್ತಿತ್ತು.

ಕಳೆದ ದೀಪಾವಳಿಯಿಂದ ಈ ಪಟ್ಟಿಗೆ ಒಂದು ಬೆಕ್ಕು ಸೇರಿತು.

ಬೆಕ್ಕು ಹಾವೇರಿಯಿಂದ ಬಂದದ್ದು. ಶ್ರೀದೇವಿಯ ತಮ್ಮ ಪ್ರವೀಣಕುಮಾರ ಶೋಕಿಗೆಂದು ಸಾಕಿದ್ದ ಉದ್ದ ಕೂದಲಿನ ಬಿಳಿ ಪರ್ಷಿಯನ್ ಬೆಕ್ಕು. ಮನೆಯಲ್ಲಿ ಕೂಸು ಹುಟ್ಟಿದ ಮೇಲೆ ಅವನ ಹೆಂಡತಿ "ಒಂದೋ ಬೆಕ್ಕು ಇರಬೇಕು, ಇಲ್ಲಾ ನಾ ಇರಬೇಕು" ಎಂದಳಂತೆ. ಅವನು ಬುಟ್ಟಿಯಲ್ಲಿ ಬೆಕ್ಕನ್ನೂ ಚೀಲದಲ್ಲಿ ಅದರ ಕಾಳಿನ ಪಾಕೀಟನ್ನೂ ಹಿಡಿದು ಬಂದು, "ಅಕ್ಕಾ, ಒಂದು ತಿಂಗಳ ಇಟ್ಕೋ" ಎಂದು ಬಿಟ್ಟು ಹೋದ. ಅವನ ಆ ಒಂದು ತಿಂಗಳು ಇನ್ನೂ ಮುಗಿದಿಲ್ಲ. ಬಂದ ದಿನವೇ ಬೆಕ್ಕು ಯಾರನ್ನೂ ಕೇಳದೆ ಗದಿಗೆವ್ವನ ತೊಡೆ ಏರಿ ಮಲಗಿತು. ಹಿಂಜಿದ ಹತ್ತಿಯ ಹಾಗಿದ್ದ ಅದಕ್ಕೆ ಆಕೆ ಅರಳೆ ಎಂದು ಹೆಸರಿಟ್ಟಳು. ಅಲ್ಲಿಗೆ ಅದು ಆಕೆಯದೇ ಆಯಿತು.

ಮರುದಿನ ಗದಿಗೆವ್ವ ಪಾಕೀಟು ಹಿಡಿದು ಮೊಮ್ಮಗಳನ್ನು ಕೂಗಿದಳು.

"ಸುಚಿ, ಇದರ ಮ್ಯಾಲ ಏನು ಬರದಾರ, ಓದು."

"ಬೆಕ್ಕಿನ ಆಹಾರ ಅಂತ ಬರದಾರ, ಅಜ್ಜಿ."

"ಅದು ನನಗೂ ಗೊತ್ತೈತಿ, ಬೆಕ್ಕಿನ ಚಿತ್ರ ಐತಲ್ಲ. ಒಳಗ ಏನೈತಿ?"

ಸುಚಿತ್ರಾ ಸುಳ್ಳು ಹೇಳಲು ಬರದ ಹುಡುಗಿ. ಪಾಕೀಟು ತಿರುವಿ ನೋಡಿ, "ಕೋಳಿ, ಮೀನ... ಮತ್ತ ಅಕ್ಕಿ" ಎಂದಳು.

"ಅಕ್ಕಿ ಒಂದು ನಡೀತೈತಿ. ಉಳಿದದ್ದು ಈ ಮನ್ಯಾಗ ನಡಿಯಂಗಿಲ್ಲ."

ಪಾಕೀಟು ಹಿತ್ತಲ ಗೋಡೆ ದಾಟಿ ಶರೀಫಾಬಿಯ ಕೈ ಸೇರಿತು. ಶರೀಫಾಬಿ ಗೋಡೆಯಾಚೆಯ ಮನೆಯವಳು. ಮೂವತ್ತು ವರ್ಷಗಳಿಂದ ಗೋಣೆಪ್ಪನ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಮಧ್ಯಾಹ್ನದ ಊಟ ಗದಿಗೆವ್ವನ ಪಡಸಾಲೆಯಲ್ಲೇ. ವಯಸ್ಸಿನಲ್ಲಿ ಹದಿನೈದು ವರ್ಷ ಚಿಕ್ಕವಳಾದರೂ ಗದಿಗೆವ್ವನ ಮುಖದ ಮೇಲೆ ಖರೇ ಮಾತು ಹೇಳುವ ಧೈರ್ಯ ಆಕೆಗಿತ್ತು.

"ಅವ್ವಾರ, ಬೆಕ್ಕು ರೊಟ್ಟಿ ತಿಂತೈತೇನ್ರಿ?" ಎಂದು ನಕ್ಕಳು.

"ನನ್ನ ರೊಟ್ಟಿ ಯಾರು ತಿನ್ನಂಗಿಲ್ಲ ಹೇಳು."

ಅರಳೆ ಎರಡು ದಿನ ಮೂತಿ ತಿರುವಿತು. ಮೂರನೆಯ ದಿನ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ತಿಂದಿತು. ಹಸಿದ ಬೆಕ್ಕು ಮಾಡುವುದಾದರೂ ಏನು? ಗದಿಗೆವ್ವನಿಗೆ ಮಾತ್ರ ಅದು ಹಸಿವು ಎಂದು ತೋರಲಿಲ್ಲ, ಭಕ್ತಿ ಎಂದೇ ತೋರಿತು. ಪ್ರತಿ ಸೋಮವಾರ ಸಂಜೆ ಹತ್ತು ಹನ್ನೆರಡು ಹೆಂಗಸರು ಒಬ್ಬೊಬ್ಬರ ಮನೆಯಲ್ಲಿ ಸೇರಿ ವಚನ ಓದಿ, ಮಂಡಕ್ಕಿ ತಿಂದು, ಊರ ಸುದ್ದಿ ಹಂಚಿಕೊಳ್ಳುವ ಅಕ್ಕನ ಬಳಗದಲ್ಲಿ ಆಕೆ ಘೋಷಿಸಿಯೇ ಬಿಟ್ಟಳು.

"ನಮ್ಮ ಅರಳೆ ಲಿಂಗವಂತ ಬೆಕ್ಕು. ಇಲಿ ಎದುರಿಗೆ ಬಂದ್ರ ಮಾರಿ ತಿರುವತೈತಿ."

ಮೋಟೆಬೆನ್ನೂರಿನಿಂದ ಬಸ್ಸು ಹತ್ತಿ ಬರುತ್ತಿದ್ದ ಬಸವಣ್ಣೆವ್ವ ಗದಿಗೆವ್ವನ ಯಾವ ಮಾತನ್ನೂ ಸುಮ್ಮನೆ ನುಂಗಿದವಳಲ್ಲ. "ಕಣ್ಣಿಲೆ ನೋಡದ ನಾ ನಂಬಂಗಿಲ್ಲ" ಎಂದಳು. ಮುಂದಿನ ಸೋಮವಾರ ಹನ್ನೆರಡು ಹೆಂಗಸರ ಎದುರಿಗೆ ಅರಳೆ ಹಾಲು ರೊಟ್ಟಿ ತಿಂದು ಮೀಸೆ ನೆಕ್ಕಿಕೊಂಡಿತು. ಬಸವಣ್ಣೆವ್ವ ಕೆನ್ನೆ ಬಡಿದುಕೊಂಡಳು. ಆ ವಾರವೆಲ್ಲ ಗದಿಗೆವ್ವ ಯಾರ ಮಾತಿಗೂ ಸಿಟ್ಟಾಗಲಿಲ್ಲ.

ಸಂಕ್ರಾಂತಿ ದಾಟಿದ ಮೇಲೆ ಕೆರೆತ ಶುರುವಾಯಿತು.

ಮೊದಲು ಕಿವಿಯ ಹಿಂದೆ, ಆಮೇಲೆ ಬೆನ್ನು, ಬಾಲದ ಬುಡ. ಅರಳೆ ಕೂತಲ್ಲಿ ಕೆರೆದುಕೊಳ್ಳುತ್ತಿತ್ತು, ನಡೆಯುತ್ತ ನಡೆಯುತ್ತ ನಿಂತು ಕೆರೆದುಕೊಳ್ಳುತ್ತಿತ್ತು. ಅದು ಮಲಗಿ ಎದ್ದ ಕರಿಕಂಬಳಿಯ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಹೊಟ್ಟು ಉದುರಿರುತ್ತಿತ್ತು. ಹೊಳೆಯುತ್ತಿದ್ದ ಕೂದಲು ಸೆಣಬಿನಂತೆ ಒರಟಾಗಿ ಗಂಟು ಬಿತ್ತು.

ಮನೆಯಲ್ಲಿ ಆಗ ಮೆಣಸಿನಕಾಯಿಯ ಕಾಲ. ಗೋಣೆಪ್ಪ ಗೋದಾಮಿನಿಂದ ಬಂದರೆ ಅವನ ಅಂಗಿಯ ತುಂಬ ಕೆಂಪು ಧೂಳು; ಅದೇ ಅಂಗಿಯ ಮೇಲೆ ಬೆಕ್ಕನ್ನು ಎತ್ತಿಕೊಂಡು ಟಿ.ವಿ. ಮುಂದೆ ಕೂರುವ ಚಾಳಿ ಅವನದು. ಬಿಳಿ ಬೆಕ್ಕು ಸಂಜೆಗೆಲ್ಲ ಗುಲಾಬಿ ಬೆಕ್ಕಾಗುತ್ತಿತ್ತು. ಶ್ರೀದೇವಿಗೆ ಇದು ಸಹಿಸದು. ರಾಣೆಬೆನ್ನೂರಿನ ತವರಿನಿಂದ ಬರುವಾಗಲೇ ಬಿಳಿ ಬಟ್ಟೆಯನ್ನು ಬಿಳಿಯಾಗಿ ಇಡುವ ಹಟ ಹೊತ್ತು ಬಂದವಳು ಆಕೆ. ದಿನ ಬಿಟ್ಟು ದಿನ ಬೆಕ್ಕನ್ನು ಬಚ್ಚಲಿಗೆ ಒಯ್ದು ಬಟ್ಟೆ ಒಗೆಯುವ ಸಾಬೂನಿನಿಂದಲೇ ತಿಕ್ಕಿ ತೊಳೆಯುತ್ತಿದ್ದಳು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಜಗಳ ಹೊತ್ತಿಕೊಂಡಿತು.

"ಅತ್ತಿ, ನಿಮ್ಮ ಬೆಕ್ಕಿನ ಹೊಟ್ಟು ಸಾರಿನಾಗ ಬೀಳೂದೊಂದು ಬಾಕಿ ಐತ್ರಿ."

"ಆ ಸಾಬಾಣ ಹಚ್ಚಿ ತಿಕ್ಕಿದ್ರ ನಿನ್ನ ಚರ್ಮಾನೂ ಉದರತಿತ್ತು."

"ತೊಳೀಲಿಲ್ಲಂದ್ರ ಅದು ಮೆಣಸಿನಕಾಯಿ ಬಣ್ಣಾ ಆಗತೈತ್ರಿ. ನನ್ನ ಸಾಬಾಣ ಅಂತೀರಿ, ನಿಮ್ಮ ರೊಟ್ಟಿ ಯಾಕ ಇರಬಾರದು? ರೊಟ್ಟಿ ತಿಂದ ಬೆಕ್ಕಿನ ಮೈಯಾಗ ಜಿಡ್ಡು ಎಲ್ಲಿಂದ ಬರಬೇಕು?"

ಗದಿಗೆವ್ವ ತುತ್ತನ್ನು ತಟ್ಟೆಗೆ ಹಾಕಿದಳು. "ನಾ ಎಪ್ಪತ್ತೆರಡು ವರ್ಷ ಇದ ರೊಟ್ಟಿ ತಿಂದೇನಿ. ನನ್ನ ಮೈ ಉದರೇತೇನು?"

"ನೀವು ಬೆಕ್ಕಲ್ಲಲ್ರಿ, ಅತ್ತಿ."

ಸುಚಿತ್ರಾ ಕಿಸಕ್ಕನೆ ನಕ್ಕು, ಅಜ್ಜಿಯ ಕಣ್ಣು ನೋಡಿ ಮಜ್ಜಿಗೆ ಕುಡಿದಳು. ಗೋಣೆಪ್ಪ "ಉಣ್ಣಾಕಾದ್ರೂ ಬಿಡ್ರಿ" ಎಂದ. ಅಷ್ಟಕ್ಕೇ ಇಬ್ಬರೂ ಅವನ ಅಂಗಿಯ ಧೂಳಿನ ಮೇಲೆ ಹರಿಹಾಯ್ದರು. ಅತ್ತೆ ಸೊಸೆ ಒಂದಾಗುವುದು ಇಂಥ ಹೊತ್ತಿನಲ್ಲೇ.

ಸೊಸೆಯ ಮಾತು ಗದಿಗೆವ್ವನಿಗೆ ಚುಚ್ಚಿತ್ತು. ತನ್ನ ಕೈಯಿಂದಲೇ ವಾಸಿ ಮಾಡಿ ತೋರಿಸಬೇಕೆಂದು ಮರುದಿನ ಬೆಳಿಗ್ಗೆ ಬೇವಿನ ಎಣ್ಣೆ ಬಿಸಿ ಮಾಡಿ ಅರಳೆಯ ಮೈಗೆಲ್ಲ ಸವರಿದಳು. ತಲೆಮಾರಿನಿಂದ ತಲೆಮಾರಿಗೆ ಆ ಮನೆಯ ಮಕ್ಕಳ ಕಜ್ಜಿ, ಎತ್ತುಗಳ ಹುಣ್ಣು, ಎಲ್ಲ ವಾಸಿಯಾದದ್ದು ಅದರಿಂದಲೇ. ಆದರೆ ಮಕ್ಕಳು ಮೈ ನೆಕ್ಕಿಕೊಳ್ಳುವುದಿಲ್ಲ; ಬೆಕ್ಕು ನೆಕ್ಕಿಕೊಳ್ಳುತ್ತದೆ. ಹನ್ನೊಂದು ಗಂಟೆಗೆ ಅರಳೆಯ ಬಾಯಿಂದ ಜೊಲ್ಲು ಸುರಿಯತೊಡಗಿತು. ಎರಡು ಸಲ ವಾಂತಿ ಮಾಡಿ, ಎದ್ದು ನಿಲ್ಲಲು ಹೋಗಿ ಹಿಂಗಾಲು ನಡುಗಿ ಬಿತ್ತು.

ಗದಿಗೆವ್ವ ಕೂಗಿದ ಕೂಗಿಗೆ ಶರೀಫಾಬಿ ಗೋದಾಮಿನಿಂದ ಓಡಿ ಬಂದಳು.

"ಗೋಣ್ಯಾ, ಗಾಡಿ ತಗಿಯೋ! ಲಗೂ ತಗಿ! ನಾ ಕೊಂದೆನೋ ಅದನ್ನ!"

ರಾಣೆಬೆನ್ನೂರಿನಲ್ಲಿ ಶ್ರೀದೇವಿಯ ತವರಿನ ಬೀದಿಯ ತುದಿಗೆ ಬೆಕ್ಕು ನಾಯಿಗಳನ್ನೂ ನೋಡುವ ಪಶುವೈದ್ಯ ವಿಜಯಮಹಾಂತೇಶನ ದವಾಖಾನೆಯಿತ್ತು. ದಾರಿಯುದ್ದಕ್ಕೂ ಶ್ರೀದೇವಿ ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಹಿಡಿದಿದ್ದಳು. ಗದಿಗೆವ್ವ ಅದರ ತಲೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಒಬ್ಬರನ್ನೊಬ್ಬರು ಬೈಯಲಿಲ್ಲ.

ವೈದ್ಯ ಮೊದಲು ಎಣ್ಣೆ ತೊಳೆದ, ಸಲೈನ್ ಹಚ್ಚಿದ. ಮಧ್ಯಾಹ್ನ ದಾಟುವ ಹೊತ್ತಿಗೆ ಅರಳೆಯ ನಡುಕ ನಿಂತಿತು. ಆಮೇಲೆ ಅವನು ಕೂದಲು ಬಿಡಿಸಿ ಚಿಗಟ ಹುಡುಕಿದ, ನೀಲಿ ದೀಪ ಹಿಡಿದು ಗಜಕರ್ಣ ಇದೆಯೇ ನೋಡಿದ, ಚರ್ಮ ಕೆರೆದು ಗಾಜಿನ ಮೇಲೆ ಸವರಿ ಹುಳ ಇದೆಯೇ ಪರೀಕ್ಷಿಸಿದ. ಯಾವುದೂ ಇರಲಿಲ್ಲ.

"ತಿನ್ನಾಕ ಏನು ಹಾಕ್ತೀರಿ, ಅಜ್ಜಿ?"

"ರೊಟ್ಟಿ, ಹಾಲು. ಹಬ್ಬಕ್ಕ ಹೋಳಿಗಿ." ಅಂಥ ಹೊತ್ತಿನಲ್ಲೂ ಗದಿಗೆವ್ವನ ಧ್ವನಿಯಲ್ಲಿ ಒಂದಿಷ್ಟು ಹೆಮ್ಮೆ ಇಣುಕಿತು.

ವೈದ್ಯ ಬರೆಯುವುದನ್ನು ನಿಲ್ಲಿಸಿದ. "ಹೋಳಿಗಿ?"

"ತುಪ್ಪ ಹಾಕಿ."

ಅವನು ಪೆನ್ನು ಕೆಳಗಿಟ್ಟ. "ಅಜ್ಜಿ, ಎಮ್ಮಿಗೆ ಮೀನ ಹಾಕ್ತೀರೇನು?"

"ಶಿವ ಶಿವಾ! ಎಮ್ಮಿ ಹ್ಯಾಂಗ ತಿಂದೀತು? ಅದರ ಹೊಟ್ಟಿ ಹುಲ್ಲಿಗೆ ಮಾಡಿದ್ದು."

"ಹಂಗ ಇದರ ಹೊಟ್ಟಿ ಮಾಂಸಕ್ಕ ಮಾಡಿದ್ದು. ಎಮ್ಮಿಗೆ ಮೀನ ಹಾಕೂದೂ ಒಂದ, ಬೆಕ್ಕಿಗೆ ಬರೇ ರೊಟ್ಟಿ ಹಾಕೂದೂ ಒಂದ. ಈಗ ಚರ್ಮ ಒಣಗೇತಿ. ಹಿಂಗ ಬಿಟ್ರ ನಾಳಿ ಕಣ್ಣು ಹೋಗತಾವ, ಎದಿ ಸೋಲತೈತಿ."

ಗದಿಗೆವ್ವ ಅರಳೆಯ ತಲೆ ಸವರುತ್ತ ಕೂತಳು. ಕಡೆಗೆ, "ನೀವು ಯಾರ ಪೈಕಿ?" ಎಂದು ಕೇಳಿದಳು.

ವೈದ್ಯ ಅಂಗಿಯ ಗುಂಡಿ ಸರಿಸಿ ಕೊರಳಲ್ಲಿದ್ದ ಲಿಂಗದ ದಾರ ತೋರಿಸಿದ. "ನಿಮ್ಮ ಪೈಕಿನ. ನನ್ನ ಬಾಯಾಗ ಮೀನ ಹೋಗಿಲ್ಲ, ಹೋಗೂದೂ ಇಲ್ಲ. ಆದ್ರ ಬೆಕ್ಕಿಗೆ ದೀಕ್ಷಾ ಕೊಡೂ ಅಧಿಕಾರ ನನಗಿಲ್ರಿ."

ಅವನು ಯಾರನ್ನೂ ಬಿಡಲಿಲ್ಲ. ಬಟ್ಟೆ ಸಾಬೂನು ಬಂದ್. ತೊಳೆಯಲೇಬೇಕಾದರೆ ಎರಡು ತಿಂಗಳಿಗೊಮ್ಮೆ, ಬೆಕ್ಕಿಗೆಂದೇ ಮಾಡಿದ ಶಾಂಪೂವಿನಿಂದ ಎಂದಾಗ ಶ್ರೀದೇವಿ ನೆಲ ನೋಡಿದಳು. ಧೂಳಿನ ಅಂಗಿಯ ಮೇಲೆ ಎತ್ತಿಕೊಳ್ಳಬಾರದು ಎಂದಾಗ ಗೋಣೆಪ್ಪ ಗೋಡೆ ನೋಡಿದ. ಮನೆಮದ್ದಿನ ಯಾವ ಎಣ್ಣೆಯೂ ಬೇಡ. ಬೆಕ್ಕಿನ ಕಾಳೇ ಮುಖ್ಯ ಊಟ, ವಾರಕ್ಕೆರಡು ದಿನ ಉಪ್ಪು ಖಾರ ಇಲ್ಲದೆ ಬೇಯಿಸಿ ಮುಳ್ಳು ತೆಗೆದ ಮೀನು. ಮನೆಯಲ್ಲಿ ಎರಡು ಮೂರು ಕಡೆ ಕುಡಿಯುವ ನೀರು. ದಿನಾ ಕೂದಲು ಬಾಚಬೇಕು. ಎಂಟು ವಾರವಾದರೂ ಬೇಕು.

ಮನೆಗೆ ಬಂದ ಮೇಲೆ ಗೋಣೆಪ್ಪ ಕೇಳಿಯೇ ಬಿಟ್ಟ. "ಯವ್ವಾ, ಈಗ ಹ್ಯಾಂಗ?"

"ಈ ಮನ್ಯಾಗ ಮಾಂಸ ಬರಂಗಿಲ್ಲ. ನಿಮ್ಮಪ್ಪನ ಕಾಲದಾಗ ಬಂದಿಲ್ಲ, ಅವರಪ್ಪನ ಕಾಲದಾಗ ಬಂದಿಲ್ಲ."

"ಹಂಗಾರ ಬೆಕ್ಕು ಹೋಗಬೇಕು. ಕುಮಾರಪಟ್ಟಣದಾಗ ಫ್ಯಾಕ್ಟರಿ ಕ್ವಾರ್ಟರ್ಸಿನ್ಯಾಗ ಪ್ರವೀಣನ ಗೆಳ್ಯಾ ಒಬ್ಬ ಕೇಳಾಕತ್ತಾನಂತ. ಅವರ ಮನ್ಯಾಗ ಮೀನ ಮಾಡ್ತಾರ."

ಗದಿಗೆವ್ವ ಅರಳೆಯನ್ನು ಸೆರಗಿನೊಳಗೆ ಎಳೆದುಕೊಂಡಳು. ಒಂದು ಕಡೆ ಮನೆಯ ಪದ್ಧತಿ, ಇನ್ನೊಂದು ಕಡೆ ತೊಡೆಯ ಮೇಲಿನ ಬೆಕ್ಕು. ಸುಚಿತ್ರಾಳ ಕಣ್ಣು ತುಂಬಿದ್ದವು.

"ನಾನ ಆ ಪಾಕೀಟು ಓದಿದ್ದು, ಅಜ್ಜಿ. ಬೆಕ್ಕಿಗೆ ಮಾಂಸ ಬೇಕಂತ ನನಗ ಗೊತ್ತಿತ್ತು. ನಿಮಗ ಹೆದರಿ ಸುಮ್ಮನ ಕುಂತೆ."

"ಓದಿದಾಕಿ ಹೆದರಿದ್ರ ಓದದಾಕಿ ಏನ ಮಾಡಬೇಕು?" ಎಂದಳು ಗದಿಗೆವ್ವ. ಸಿಟ್ಟಿನಿಂದಲ್ಲ, ಸೋತು.

ದಾರಿ ತೋರಿಸಿದವಳು ಶರೀಫಾಬಿ. "ಗ್ವಾಡಿ ಮ್ಯಾಲ ಬೆಕ್ಕು ನಡೀತೈತಿ ಹೌದಲ್ರಿ? ನನ್ನ ಹಿತ್ತಲದಾಗ ಉಣ್ಣಲಿ, ನಿಮ್ಮ ಮನ್ಯಾಗ ಮಲಗಲಿ. ನಮ್ಮಲ್ಲಿ ಗಳಗನಾಥದ ಕಡಿಂದ ಹೊಳಿ ಮೀನ ಹೆಂಗೂ ಬರತೈತಿ."

ಹೀಗೆ ಒಪ್ಪಂದವಾಯಿತು. ಕುಮಾರಪಟ್ಟಣದವರಿಗೆ ಎರಡು ತಿಂಗಳು ತಡೆಯಲು ಹೇಳಿದರು.

ಮನೆಯ ಕೆಲಸಗಳು ಬದಲಾದವು. ಗೋಣೆಪ್ಪ ಬಾಗಿಲಲ್ಲೇ ಅಂಗಿ ಕಳಚಿ, ಕೈಕಾಲು ತೊಳೆದು, ಬನಿಯನ್ನಿನಲ್ಲಿ ಒಳಗೆ ಬರತೊಡಗಿದ. ಓಣಿಯವರು ನಕ್ಕರೆ "ಡಾಕ್ಟರ್ ಹೇಳ್ಯಾರ" ಎನ್ನುತ್ತಿದ್ದ, ಯಾರಿಗೆ ಹೇಳಿದ್ದೆಂದು ಬಿಡಿಸಿ ಹೇಳುತ್ತಿರಲಿಲ್ಲ. ಶ್ರೀದೇವಿ ಪಡಸಾಲೆಯಲ್ಲೊಂದು, ಹಿತ್ತಲಲ್ಲೊಂದು, ದೇವರ ಮನೆಯ ಹೊಸ್ತಿಲಾಚೆ ಒಂದು ನೀರಿನ ಬಟ್ಟಲಿಟ್ಟು ದಿನಕ್ಕೆರಡು ಸಲ ತುಂಬಿಸಿದಳು. ಸಾಬೂನಿನ ಕೈ ತಡೆದುಕೊಳ್ಳುವುದು ಆಕೆಗೆ ಎಲ್ಲಕ್ಕಿಂತ ಕಷ್ಟವಾಯಿತು. ಬೆಕ್ಕಿನ ಮೇಲೆ ಕೆಂಪು ಕಂಡರೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ತನ್ನ ತೋಳನ್ನು ತಾನೇ ಚಿವುಟಿಕೊಂಡು ಸುಮ್ಮನಾಗುತ್ತಿದ್ದಳು.

ಬಾಚುವ ಕೆಲಸ ಗದಿಗೆವ್ವನಿಗೆ ಬಂತು. ಮೊದಲ ವಾರ ಆಕೆ ಗೊಣಗಿದಳು. "ನನ್ನ ತಲಿ ನಾ ಬಾಚಿಕೊಂಡು ಹದಿನೈದು ದಿನ ಆಗೇತಿ. ಇದಕ್ಕ ದಿನಾ ಹಣಗಿ!" ಆದರೆ ಆ ಕೈಗಳು ಐವತ್ತು ವರ್ಷ ಮೆಣಸಿನಕಾಯಿ ಆರಿಸಿದ ಕೈಗಳು. ಯಾವುದು ಕೊಳೆತದ್ದು, ಯಾವುದು ಬಿಳಿಚಿದ್ದು ಎಂದು ಕಣ್ಣು ಮುಚ್ಚಿ ಹೇಳುವ ಬೆರಳುಗಳಿಗೆ ಗಂಟು ಎಲ್ಲಿದೆ, ಯಾವ ಗಂಟನ್ನು ಎಳೆದರೆ ನೋಯುತ್ತದೆ, ಯಾವುದನ್ನು ಬುಡದಲ್ಲಿ ಹಿಡಿದು ತುದಿಯಿಂದ ಬಿಡಿಸಬೇಕು ಎಂಬುದು ನಾಲ್ಕೇ ದಿನದಲ್ಲಿ ತಿಳಿಯಿತು. ಅರಳೆ ಕಾಲು ಚಾಚಿ ಹೊಟ್ಟೆ ಕೊಡತೊಡಗಿತು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಬಿಸಿಲು ಬೀಳುವ ಕಟ್ಟೆಯ ಮೇಲೆ ಅರ್ಧ ಗಂಟೆ ಇಬ್ಬರೂ ಕೂರುತ್ತಿದ್ದರು.

ಮೂರನೆಯ ವಾರ ಗದಿಗೆವ್ವ ಕೂಗಿದಳು. "ಶ್ರೀದೇವಿ, ಬಾ ಇಲ್ಲೆ. ಕಂಬಳಿ ನೋಡು."

"ಹೊಟ್ಟು ಕಡಿಮಿ ಆಗೇತ್ರಿ, ಅತ್ತಿ."

"ಮುಟ್ಟಿ ನೋಡು. ಒಣಮೆಣಸಿನಕಾಯಿ ಸಿಪ್ಪಿ ಇದ್ದಂಗ ಇತ್ತು. ಈಗ ಹಸಿ ಅಂಶ ಬಂದೈತಿ."

ಶ್ರೀದೇವಿ ಮುಟ್ಟಿ ನೋಡಿ, ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಹೇಳಿದಳು, "ನಿಮ್ಮ ಕೈ ಗುಣಾನ ಬ್ಯಾರೆ, ಅತ್ತಿ." ಗದಿಗೆವ್ವ ಕೇಳಿಸಲಿಲ್ಲವೆಂಬಂತೆ ನಟಿಸಿದಳು. ಸಂಜೆ ಸೊಸೆಯ ತಟ್ಟೆಗೆ ಕೆನೆಮೊಸರು ಎರಡು ಸಲ ಬಿತ್ತು.

ಆದರೆ ಅರಳೆಗೆ ಈಗ ಎರಡು ಮನೆಗಳಾಗಿದ್ದವು. ಊಟ ಮುಗಿದ ಮೇಲೂ ಅದು ಗೋಡೆಯಾಚೆಯೇ ಉಳಿಯತೊಡಗಿತು. ಶರೀಫಾಬಿ ಕರೆದರೆ ಓಡುತ್ತಿತ್ತು. ಗದಿಗೆವ್ವ ಕರೆದರೆ ಯೋಚಿಸಿ ಬರುತ್ತಿತ್ತು. ಒಂದು ಮಧ್ಯಾಹ್ನ ಮೂರು ಸಲ ಕರೆದರೂ ಬರದಿದ್ದಾಗ ಗದಿಗೆವ್ವ ಗೋಡೆಯ ಹತ್ತಿರ ಹೋಗಿ ನಿಂತಳು. ಅರಳೆ ಶರೀಫಾಬಿಯ ಮಡಿಲಲ್ಲಿತ್ತು.

"ಶರೀಫಾ, ಬೆಕ್ಕು ನಂದೋ ನಿಂದೋ?"

"ನಿಮ್ಮದ ಅಲ್ಲೇನ್ರಿ, ಅವ್ವಾರ?"

"ನಂದಿದ್ರ ನಿನ್ನ ಮನ್ಯಾಗ ಯಾಕ ಬಿದ್ದೈತಿ? ನಮ್ಮ ಮನೀ ಜೀವ ಮತ್ತೊಬ್ಬರ ಬಾಗಲದಾಗ ಉಣ್ಣಾಕ ಕುಂತದ್ದು ಯಾವತ್ತಾದ್ರೂ ನೋಡೀಯೇನು? ಜನಾ ಏನಂತಾರ? ಗದಿಗೆವ್ವ ಒಂದು ಬೆಕ್ಕಿಗೆ ಉಣ್ಣಾಕ ಹಾಕಲಿಲ್ಲ ಅಂತಾರ."

ಶರೀಫಾಬಿ ಬೆಕ್ಕಿನ ಬೆನ್ನು ಸವರುತ್ತ ಇದ್ದಳು. ಆಕೆಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಗದಿಗೆವ್ವನಿಗೆ ಹಗುರಾಗುತ್ತಿತ್ತು.

"ಅವ್ವಾರ, ಮೂವತ್ತು ವರ್ಷ ನಾ ನಿಮ್ಮ ಪಡಸಾಲ್ಯಾಗ ಉಂಡೇನಿ. ನೀವು ನನ್ನ ಮನ್ಯಾಗ ಒಂದು ಕಪ್ ಚಾ ಕುಡದಿಲ್ಲ. ನಾ ಏನಾದ್ರೂ ಅಂದೇನಿ? ನಿಮ್ಮ ಪದ್ಧತಿ ನಿಮಗ. ನಿಮ್ಮ ಬೆಕ್ಕಾದ್ರೂ ನನ್ನ ಕೈ ತುತ್ತು ತಿಂದ್ರ ನನಗ ಸಂತೋಷ ಆಗತೈತ್ರಿ, ಅಷ್ಟ."

ಗದಿಗೆವ್ವ ಒಳಗೆ ಬಂದಳು. ಅಂದು ತಾನೇ ಬಡಿದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಮೂವತ್ತು ವರ್ಷ ಊಟ ಹಾಕಿದ ಹೆಮ್ಮೆಯನ್ನು ಆಕೆ ಊರಿಗೆಲ್ಲ ಹೇಳಿದ್ದಳು. ತಾನು ಒಂದು ಸಲವೂ ಶರೀಫಾಬಿಯ ಮನೆಯಲ್ಲಿ ಉಣ್ಣಲಿಲ್ಲವಲ್ಲ ಎಂಬುದನ್ನು ಯಾರೂ ಆಕೆಗೆ ಹೇಳಿರಲಿಲ್ಲ. ನಾಚಿಕೆಯಾಯಿತು, ಮೈಯೆಲ್ಲ ಬಿಸಿಯಾಗುವಂಥ ನಾಚಿಕೆ.

ಮರುದಿನ ಬೆಳಿಗ್ಗೆ ಆಕೆ ಹಿತ್ತಲ ನುಗ್ಗೆ ಮರದ ಕೆಳಗೆ ಕಸ ಗುಡಿಸಿ, ಮೂರು ಕಲ್ಲು ಇಟ್ಟು, ಹಳೆಯ ಅಲ್ಯುಮಿನಿಯಂ ಪಾತ್ರೆ ತೊಳೆದು ಬೋರಲು ಹಾಕಿದಳು. ಆಮೇಲೆ ಗೋಡೆಯ ಮೇಲಿಂದ ಕೈ ಚಾಚಿದಳು.

"ಶರೀಫಾ, ಆ ಪಾಕೀಟು ಈ ಕಡೆ ಕೊಡು. ಮೀನದ ದಿನಾ ಮುಳ್ಳು ಹ್ಯಾಂಗ ತಗೀಬೇಕು, ಬಂದು ತೋರಸು."

ಶ್ರೀದೇವಿ ನೀರಿನ ಕೊಡ ಹಿಡಿದು ನಿಂತಲ್ಲೇ ನಿಂತಳು. "ಅತ್ತಿ! ಮನ್ಯಾಗ?"

"ಅಡಗಿ ಮನ್ಯಾಗ ಅಲ್ಲ, ಹಿತ್ತಲದಾಗ."

"ಹಿತ್ತಲಾನೂ ನಮ್ಮ ಮನೀದ ಅಲ್ರಿ?"

"ಹೌದು, ನಮ್ಮದ. ಅದಕ್ಕ ಹೇಳಾಕತ್ತೇನಿ. ನನ್ನ ಮನೀ ಜೀವಕ್ಕ ನಾನ ಹಾಕ್ತೇನಿ. ಎಮ್ಮಿಗೆ ಹುಲ್ಲು ಹಾಕ್ತೇನಿ, ನಿನಗ ರೊಟ್ಟಿ ಹಾಕ್ತೇನಿ, ಬೆಕ್ಕಿಗೆ ಬೆಕ್ಕಿನ ಊಟ ಹಾಕ್ತೇನಿ. ಆಮ್ಯಾಲ ಒಂದು ಕೊಡ ನೀರು ಹಾಕಿಕೊಂಡು ಒಳಗ ಬರ್ತೇನಿ. ಮುಗೀತು."

ಮೊದಲ ದಿನ ಮೀನು ಕುದಿಯುವಾಗ ಗದಿಗೆವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಹತ್ತು ಮಾರು ದೂರ ನಿಂತಿದ್ದಳು. ಮುಳ್ಳು ತೆಗೆದವಳು ಶರೀಫಾಬಿ. ಮೂರನೆಯ ಸಲಕ್ಕೆ ಸೆರಗು ಸಡಿಲವಾಯಿತು. ಆರನೆಯ ಸಲಕ್ಕೆ "ಇನ್ನೂ ಬೆಂದಿಲ್ಲ, ನೀರಿನ ಸಪ್ಪಳಾನ ಹೇಳತೈತಿ" ಎಂದು ಶರೀಫಾಬಿಗೇ ಪಾಠ ಹೇಳಿದಳು.

ಎಂಟು ವಾರಕ್ಕೆ ಅರಳೆಯನ್ನು ಕರೆದೊಯ್ದಾಗ ವೈದ್ಯ ಕೂದಲಲ್ಲಿ ಬೆರಳಾಡಿಸಿ, "ಯಾರು ಬಾಚಿದ್ದು?" ಎಂದು ಕೇಳಿದ. ಗದಿಗೆವ್ವ ಎರಡೂ ಅಂಗೈ ಎತ್ತಿ ತೋರಿಸಿದಳು. ಬರುವ ದಾರಿಯಲ್ಲಿ ಗೋಣೆಪ್ಪ ಕುಮಾರಪಟ್ಟಣಕ್ಕೆ ಫೋನ್ ಮಾಡಿ, ಬೆಕ್ಕು ಕೊಡುವುದಿಲ್ಲ ಎಂದು ತಿಳಿಸಿದ.

ಒಂದು ಮುಳ್ಳು ಮಾತ್ರ ಉಳಿದಿತ್ತು. ಬಸವ ಜಯಂತಿಯ ಹಿಂದಿನ ಸೋಮವಾರ ಅಕ್ಕನ ಬಳಗ ಸೇರುವ ಪಾಳಿ ಇವರ ಮನೆಯದು. ಹನ್ನೆರಡು ಹೆಂಗಸರು ಬರುತ್ತಾರೆ, ಅವರಲ್ಲಿ ಬಸವಣ್ಣೆವ್ವನೂ ಇರುತ್ತಾಳೆ. ಆಕೆ ಬೆಕ್ಕಿನ ಸುದ್ದಿ ಎತ್ತದೆ ಹೋಗುವವಳಲ್ಲ.

"ಅವತ್ತೊಂದಿನ ಬೆಕ್ಕು ಶರೀಫಾಬಿ ಮನ್ಯಾಗ ಇರಲಿ, ಯವ್ವಾ," ಎಂದ ಗೋಣೆಪ್ಪ. "ಕಲ್ಲು ಪಾತ್ರಿ ನಾ ತಗದು ಇಡ್ತೇನಿ. ಸುಮ್ಮನ ಯಾಕ ಬಾಯಿಗೆ ಬೀಳೂದು?"

ಗದಿಗೆವ್ವ ಹೂಂ ಎಂದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇಡೀ ಮನೆ ಕಣ್ಣು ಮುಚ್ಚಲು ಸಿದ್ಧವಾಯಿತು.

ಸೋಮವಾರ ಸಂಜೆ ಪಡಸಾಲೆ ತುಂಬಿತು. ವಚನ ಓದುವುದು ಮುಗಿದು ಮಂಡಕ್ಕಿ ಮಿರ್ಚಿಯ ತಟ್ಟೆ ಬರುವ ಹೊತ್ತಿಗೆ ಅರಳೆ ಗೋಡೆ ಹಾರಿ, ಹಿತ್ತಲ ಬಾಗಿಲಿನಿಂದ ಬಾಲ ಎತ್ತಿಕೊಂಡು ಒಳಗೆ ನಡೆದು ಬಂತು. ಸಂಜೆಯ ಬಿಸಿಲು ಬಾಗಿಲಲ್ಲಿ ಬಿದ್ದಿತ್ತು. ಅದರ ಕೂದಲು ಹೊಳೆಯುವುದನ್ನು ನೋಡಿ ಹೆಂಗಸರ ಕೈಯ ಮಂಡಕ್ಕಿ ಕೈಯಲ್ಲೇ ಉಳಿಯಿತು.

"ಅಬಬಬಾ! ರೇಷ್ಮಿ ಇದ್ದಂಗ ಐತಲ್ಲವಾ!" ಎಂದಳು ಬಸವಣ್ಣೆವ್ವ. "ಜಾಡ್ಯ ಹತ್ತೈತಿ ಅಂದಿದ್ರು. ಏ ಗದಿಗೆವ್ವಾ, ಇದೆಲ್ಲಾ ನಿನ್ನ ರೊಟ್ಟಿ ಹಾಲಿನ ಮ್ಯಾಲನ?"

ಶ್ರೀದೇವಿ ತಟ್ಟೆ ಹಿಡಿದು ನಿಂತಳು. ಗೋಣೆಪ್ಪ ಹೊರಗಿನ ಕಟ್ಟೆಯ ಮೇಲೆ ಕೆಮ್ಮಿದ. ಹೂಂ ಎಂದರೆ ಮುಗಿಯುತ್ತಿತ್ತು. ಗದಿಗೆವ್ವನ ರೊಟ್ಟಿಯ ಕೀರ್ತಿ ಮೋಟೆಬೆನ್ನೂರಿನವರೆಗೆ ಹಬ್ಬುತ್ತಿತ್ತು. ಆಕೆ ಬೆಕ್ಕನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ರೊಟ್ಟಿ ಹಾಕಿ ನಾ ಇದನ್ನ ಸಾಯಸಾಕ ಹತ್ತಿದ್ದೆ," ಎಂದಳು, ಎಲ್ಲರಿಗೂ ಕೇಳುವಂತೆ. "ಮೈ ಉದರಿತು. ಕಣ್ಣು ಹೋಗತಿದ್ದವು. ನನ್ನ ಬಡಿವಾರಕ್ಕ ಮೂಕ ಪ್ರಾಣಿ ಉಪವಾಸ ಬಿದ್ದಿತ್ತು. ಈಗ ಮೀನ ತಿಂತೈತಿ. ನಾನ ಹಾಕ್ತೇನಿ, ನನ್ನ ಹಿತ್ತಲದಾಗ."

ಮಂಡಕ್ಕಿಯ ತಟ್ಟೆಗಳು ಒಂದೊಂದಾಗಿ ನೆಲಕ್ಕಿಳಿದವು.

"ಮೀನ ತರಾಕಿ ಯಾರು?" ಬಸವಣ್ಣೆವ್ವ ಕಡೆಗೂ ಕೇಳಿದಳು.

"ಶರೀಫಾ. ಮೊದಲ ತುತ್ತು ಹಾಕಿದಾಕೀನೂ ಆಕಿನ."

"ಅಂದ್ರ ನಿಮ್ಮ ಮನೀ ಬೆಕ್ಕು ಆಕಿ ಮನ್ಯಾಗ ಉಂಡೈತಿ?"

"ಉಂಡೈತಿ," ಎಂದಳು ಗದಿಗೆವ್ವ. "ನನಗಿಂತ ಬೆಕ್ಕು ಶಾಣ್ಯಾ ಐತಿ. ನಾಳಿ ನಾನೂ ಹೊಂಟೇನಿ, ಚಾ ಕುಡ್ಯಾಕ."

ಹಿತ್ತಲ ಬಾಗಿಲಲ್ಲಿ ಬೆಕ್ಕನ್ನು ಹುಡುಕಿಕೊಂಡು ಬಂದು ನಿಂತಿದ್ದ ಶರೀಫಾಬಿಯ ಕೈ ಬಾಯಿಗೆ ಹೋಯಿತು. ಅವಳು ಕಣ್ಣೊರೆಸಿಕೊಂಡು, "ನಾಳಿ ಯಾಕ್ರಿ, ಅವ್ವಾರ? ಇವತ್ತ ಬರ್ರಿ. ಒಲಿ ಹತ್ತೇತಿ" ಎಂದಳು.

ಬಸವಣ್ಣೆವ್ವ ಬೆಕ್ಕಿನ ಬೆನ್ನ ಮೇಲೆ ಕೈಯಾಡಿಸಿ, "ಖರೇ ಹೇಳಬೇಕಂದ್ರ ಮೈ ಛಲೋ ಮೆತ್ತಗ ಆಗೇತಿ ನೋಡವಾ" ಎಂದಳು. ಆಕೆಯ ಬಾಯಿಂದ ಗದಿಗೆವ್ವನಿಗೆ ಬಂದ ಮೊದಲ ಮೆಚ್ಚುಗೆ ಅದು.

ಬಳಗ ಕರಗಿದ ಮೇಲೆ ಗದಿಗೆವ್ವ ಇಳಕಲ್ ಸೀರೆಯ ಸೆರಗು ಸರಿಪಡಿಸಿಕೊಂಡು, ಅರಳೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಗೋಡೆ ಸುತ್ತಿ ಬೀದಿಯ ಬಾಗಿಲಿನಿಂದಲೇ ಶರೀಫಾಬಿಯ ಮನೆಗೆ ಹೋದಳು. ಓಣಿಯವರು ನೋಡಲೆಂದೇ ನಿಧಾನವಾಗಿ ನಡೆದಳು. ಶರೀಫಾಬಿ ಹೊಸ ಕಪ್ ಹುಡುಕಿ, ಎರಡು ಸಲ ತೊಳೆದು, ಚಹಾ ತಂದುಕೊಟ್ಟಳು.

ಗದಿಗೆವ್ವ ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. ತೊಡೆಯ ಮೇಲಿದ್ದ ಅರಳೆ ಕೆರೆದುಕೊಳ್ಳದೆ, ಕಣ್ಣು ಮುಚ್ಚಿ ಗುರ್ ಎನ್ನುತ್ತಿತ್ತು.

"ಹ್ಯಾಂಗಾಗೇತ್ರಿ, ಅವ್ವಾರ?"

"ಛಲೋ ಆಗೇತಿ," ಎಂದಳು ಗದಿಗೆವ್ವ. ಕಪ್ ಪೂರ್ತಿ ಖಾಲಿ ಮಾಡಿ, ಇನ್ನಷ್ಟು ಹಾಕೆಂದು ಮುಂದೆ ಚಾಚಿ, ಹೇಳಿದಳು, "ಆದ್ರ ನನ್ನ ಕೈ ಚಾದಷ್ಟು ಇಲ್ಲ."